ಬಾಂಡ್ ಪೇಪರಿಗೆ ಸಹಿ ಹಾಕುವ ಮುನ್ನ

ಅಕ್ಕಾ, ನಾನು ಹೈದರಾಬಾದಿನ ಬೇಗಂಪೇಟೆಯಲ್ಲಿದ್ದೇನೆ. ವಯಸ್ಸು ಮೂವತ್ತನಾಲ್ಕು. ತವರು, ಗಂಡನ ಮನೆ ಎರಡೂ ಕಲಬುರಗಿ ಕಡೆಯವು. ಹತ್ತು ವರ್ಷದ ಹಿಂದೆ ಮದುವೆಯೂ ಅಲ್ಲೇ ಆಯಿತು. ಆಮೇಲೆ ಇಬ್ಬರೂ ಇಲ್ಲಿಗೆ ಬಂದು ಸಂಸಾರ ಹೂಡಿದೆವು. ನಾನು ಖಾಸಗಿ ಆಫೀಸೊಂದರಲ್ಲಿ ಅಕೌಂಟ್ಸ್ ನೋಡುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ಅವರು ಪುಣೆಯಲ್ಲಿ ಕೆಲಸ ಹಿಡಿದು ಹೋದವರು ತಿರುಗಿ ಬಂದಿಲ್ಲ. ಎಂದೂ ಹೊಡೆದವರಲ್ಲ, ಆದರೆ ಅದಕ್ಕೂ ಮೊದಲೇ ನಮ್ಮಲ್ಲಿ ಮಾತು ನಿಂತಿತ್ತು. ಈಗ “ಇಬ್ಬರೂ ಒಪ್ಪಿ ಮುಗಿಸೋಣ, ಎಂಟು ಲಕ್ಷ ಕೊಡುತ್ತೇನೆ, ಆಮೇಲೆ ಏನೂ ಕೇಳಬಾರದು” ಎಂದು ಮೆಸೇಜ್ ಹಾಕಿದ್ದಾರೆ. ಅತ್ತೆ-ಮಾವ, “ಕೋರ್ಟು ಕಚೇರಿ ಯಾಕವ್ವಾ, ಊರಿಗಿ ಬಾ, ಹಿರಿಯರ ಮುಂದ ಬಾಂಡಿನ್ಯಾಗ ಬರಕೊಂಡು ಬಿಡೂಣು” ಅನ್ನುತ್ತಾರೆ. ಪರಿಚಯದವರ ಮೂಲಕ ಸಿಕ್ಕಿದ ಒಬ್ಬರು, “ಒಂದೂವರೆ ಲಕ್ಷ ಕೊಡಿ, ಮೂರು ತಿಂಗಳಲ್ಲಿ ಡೈವೋರ್ಸ್ ಗ್ಯಾರಂಟಿ” ಎಂದು ಹೇಳಿ ಕೆಲವು ಕಾಗದ ಕೊಟ್ಟು ಸಹಿ ಹಾಕಲು ಹೇಳಿದ್ದಾರೆ. ಅದರಲ್ಲಿ ಎರಡು ಹಾಳೆ ಖಾಲಿ ಇವೆ. ನನಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಬಾಡಿಗೆ ಕರಾರು ಗಂಡನ ಹೆಸರಿನಲ್ಲಿದೆ, ಮನೆ ಖಾಲಿ ಮಾಡಿಸುತ್ತೇನೆ ಅನ್ನುತ್ತಾರೆ. ಒಡವೆ ಅತ್ತೆಯ ಹತ್ತಿರ ಇದೆ. ನನಗೆ ಸಂಬಳ ಇರುವುದರಿಂದ ಕೋರ್ಟಿನಲ್ಲಿ ಏನೂ ಸಿಗುವುದಿಲ್ಲವಂತೆ, ಹೌದಾ? ಕೇಸು ಇಲ್ಲಿ ಹಾಕಬೇಕಾ, ಕಲಬುರಗಿಯಲ್ಲಾ? ನಂಬುವಂಥ ವಕೀಲರನ್ನು ಹುಡುಕುವುದು ಹೇಗೆ? ಎಂಟು ವರ್ಷದ ಮಗಳು ದಿನಾ ರಾತ್ರಿ “ಅಮ್ಮಾ, ನಾವು ಪುಣೆಗೆ ಹೋಗಬೇಕಾ?” ಎಂದು ಕೇಳುತ್ತಾಳೆ. ಏನು ಹೇಳಲಿ?
— ಹೆಸರು ಬೇಡ, ಬೇಗಂಪೇಟೆ

ತಂಗಿ, ಮೊದಲು ಆ ಎರಡು ಖಾಲಿ ಹಾಳೆಗಳ ಮಾತು. ಸಹಿ ಹಾಕದೆ ಹಾಗೇ ವಾಪಸ್ ಕೊಡಿ. ಈಗಾಗಲೇ ಹಾಕಿಬಿಟ್ಟಿದ್ದರೆ ಇಂದೇ ಹೋಗಿ ಕೇಳಿ ತನ್ನಿ. ಕೊಡದಿದ್ದರೆ, “ಇಂಥ ದಿನ ಖಾಲಿ ಹಾಳೆಗೆ ನನ್ನಿಂದ ಸಹಿ ಪಡೆದಿದ್ದೀರಿ, ಅದನ್ನು ಬಳಸಲು ನನ್ನ ಒಪ್ಪಿಗೆ ಇಲ್ಲ” ಎಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೆದು ಕಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ಉಳಿದ ಹಾಳೆಗಳಲ್ಲಿ ಏನಿದೆ ಎಂದು ನಿಮಗೆ ತಿಳಿಯುವ ಭಾಷೆಯಲ್ಲಿ ಒಂದೊಂದು ಸಾಲೂ ಓದಿ ಹೇಳುವವರೆಗೆ ಅವುಗಳಿಗೂ ಸಹಿ ಬೇಡ. ಕಲಬುರಗಿಯವರಿಗೆ ಹೈದರಾಬಾದಿನ ಹಿಂದಿ-ಉರ್ದು ಪರಕೀಯವಲ್ಲ. “ಪೂರಾ ಪಢಕೇ ಸುನಾವೋ” ಎಂದು ಕೇಳುವುದಕ್ಕೆ ನಾಚಿಕೆಪಡಬೇಡಿ. ಆ ಕಾಗದದ ಮೇಲೆ ನಿಂತಿರುವುದು ನಿಮ್ಮ ಮತ್ತು ಮಗಳ ಮುಂದಿನ ದಿನಗಳು.

ಇನ್ನು ಮೂರು ತಿಂಗಳ ಗ್ಯಾರಂಟಿ. ಯಾವ ವಕೀಲರಿಗೂ ಯಾವ ಕೇಸಿಗೂ ಗ್ಯಾರಂಟಿ ಕೊಡಲು ಆಗುವುದಿಲ್ಲ, ನಿಮ್ಮ ಕೇಸಿಗಂತೂ ಆಗುವುದೇ ಇಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪ್ರಕಾರ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಬೇಕಾದರೆ ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ನಿಮ್ಮದು ಹದಿನಾಲ್ಕು ತಿಂಗಳಾಗಿದೆ, ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾದು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಕೋರ್ಟಿನ ಮುಂದೆ ಬಂದು “ಹೌದು, ನಮಗೆ ಇದೇ ಬೇಕು” ಎನ್ನಬೇಕು. ಈ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟು 2017ರ ಸೆಪ್ಟೆಂಬರಿನಲ್ಲಿ ಹೇಳಿತು, ನಿಜ. ಆದರೆ ಆ ತೀರ್ಪು ಇಟ್ಟ ಅಳತೆಗೋಲು ಬೇರೆ. ಅರ್ಜಿ ಹಾಕುವ ಹೊತ್ತಿಗೇ ಒಂದೂವರೆ ವರ್ಷ ಬೇರೆಯಿದ್ದಿರಬೇಕು, ರಾಜಿ ಪ್ರಯತ್ನ ಮುಗಿದಿರಬೇಕು, ಜೀವನಾಂಶ, ಮಕ್ಕಳು, ಆಸ್ತಿಯ ಮಾತೆಲ್ಲ ತೀರ್ಮಾನವಾಗಿರಬೇಕು. ಅಷ್ಟಾದರೂ ಬಿಟ್ಟುಕೊಡುವುದು ನ್ಯಾಯಾಧೀಶರ ವಿವೇಚನೆ. ನಿಮ್ಮಲ್ಲಿ ಒಡವೆಯ ಮಾತೇ ಇನ್ನೂ ತೀರಿಲ್ಲ. ಮೂರು ತಿಂಗಳು ಎಂದವರು ನಿಮ್ಮ ಕಥೆಯನ್ನು ಕೇಳಿಯೇ ಇಲ್ಲ ಎಂದು ನನಗನ್ನಿಸುತ್ತದೆ.

ಬಾಂಡಿನ ಮಾತಿಗೆ ಬರುತ್ತೇನೆ. ನಿಮ್ಮ ಅತ್ತೆ-ಮಾವ ಕೆಟ್ಟ ಮನಸ್ಸಿನಿಂದಲೇ ಹೇಳಿದ್ದಾರೆ ಎಂದು ನಾನು ಅಂದುಕೊಳ್ಳುವುದಿಲ್ಲ. ನಮ್ಮ ಕಡೆ ಸೋಡಚೀಟಿ ಎಂಬ ಮಾತು ಅಜ್ಜಿಯರ ಕಾಲದಿಂದ ಇದೆ. ಕೆಲವು ಸಮುದಾಯಗಳಲ್ಲಿ ಹಿರಿಯರು ಕೂತು ಬಿಡಿಸುತ್ತಿದ್ದರು, ಬಿಟ್ಟವಳು ಉಡಿಕೆ, ಅಂದರೆ ಮರುಮದುವೆ, ಆಗುತ್ತಿದ್ದಳು. 1955ರ ಹಿಂದೂ ವಿವಾಹ ಕಾಯ್ದೆಯೂ ತನ್ನ 29ನೇ ಕಲಮಿನಲ್ಲಿ ಅಂಥ ರೂಢಿಯ ವಿಚ್ಛೇದನಕ್ಕೆ ಜಾಗ ಬಿಟ್ಟಿದೆ. ಆದರೆ ಆ ರೂಢಿ ನಿಮ್ಮ ಸಮುದಾಯದಲ್ಲಿ ಹಿಂದಿನಿಂದ ಕಡಿಯದೆ ನಡೆದು ಬಂದಿದೆ ಎಂದು ಕೋರ್ಟಿನಲ್ಲಿ ಸಾಕ್ಷಿ ಸಮೇತ ತೋರಿಸಬೇಕು. ಅದು ಸುಲಭವಲ್ಲ. ತೋರಿಸಲಾಗದಿದ್ದರೆ ಆ ನೂರು ರೂಪಾಯಿಯ ಬಾಂಡಿಗೆ ಕಾನೂನಿನ ಕಣ್ಣಿನಲ್ಲಿ ಯಾವ ಬೆಲೆಯೂ ಇಲ್ಲ, ನೀವಿಬ್ಬರೂ ಇನ್ನೂ ಗಂಡ-ಹೆಂಡತಿಯೇ. ಅದನ್ನು ನಂಬಿ ಯಾರಾದರೂ ಮರುಮದುವೆಯಾದರೆ ಅದು ಅಪರಾಧ, ಈಗಿನ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮು. ಆ ಎರಡನೇ ಮದುವೆಯೂ ನಿಲ್ಲುವುದಿಲ್ಲ. ಇಂಥ ಬಾಂಡನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹನ್ನೆರಡು ವರ್ಷ “ನನಗೆ ಡೈವೋರ್ಸ್ ಆಗಿದೆ” ಎಂದು ನಂಬಿದ್ದ ಹೆಣ್ಣುಮಗಳೊಬ್ಬಳು ನನ್ನ ಎದುರು ಕೂತು ಅತ್ತಿದ್ದಾಳೆ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ತೆಗೆಸಲು ಹೋದಾಗ ಅವಳಿಗೆ ಗೊತ್ತಾಗಿದ್ದು. ಹಿರಿಯರ ಮುಂದೆ ಕೂತು ಮಾತಾಡುವುದಿದ್ದರೆ ಆಡಿ, ಒಡವೆ-ಹಣದ ಮಾತು ಅಲ್ಲಿ ಬಗೆಹರಿದರೆ ಒಳ್ಳೆಯದೇ. ಬಿಡುಗಡೆ ಮಾತ್ರ ಕೋರ್ಟಿನ ಡಿಕ್ರಿಯಿಂದಲೇ ಆಗಬೇಕು.

ಎಲ್ಲಿ ಹಾಕಬೇಕು? ಹಿಂದೂ ವಿವಾಹ ಕಾಯ್ದೆಯ 19ನೇ ಕಲಮು ನಿಮಗೆ ಮೂರು ಊರಿನ ಬಾಗಿಲು ತೆರೆದಿದೆ: ಮದುವೆಯಾದ ಕಲಬುರಗಿ, ಅವರು ಈಗಿರುವ ಪುಣೆ, ಕೊನೆಯದಾಗಿ ಒಟ್ಟಿಗೆ ಬಾಳಿದ ಹೈದರಾಬಾದು. ಇಷ್ಟೇ ಅಲ್ಲದೆ, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗ ಇರುವ ಊರಿನಲ್ಲಿ ಹಾಕಬಹುದು ಎಂದು 2003ರಲ್ಲಿ ತಿದ್ದುಪಡಿ ಬಂತು. ನಿಮ್ಮ ಕೆಲಸ, ಮಗಳ ಶಾಲೆ ಎಲ್ಲ ಬೇಗಂಪೇಟೆಯಲ್ಲಿರುವಾಗ ಪ್ರತಿ ತಾರೀಖಿಗೂ ಕಲಬುರಗಿಗೆ ಓಡಾಡುವ ಅಗತ್ಯವಿಲ್ಲ. ರಾಜ್ಯ ಬೇರೆ ಎಂಬ ಅಳುಕೂ ಬೇಡ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೇಗಂಪೇಟೆ ಎರಡೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಗಡಿ ಬದಲಾಯಿತು, ಮದುವೆಯ ಕಾನೂನು ಎರಡೂ ಕಡೆ ಒಂದೇ ಆಗಿ ಉಳಿದಿದೆ. ಹೈದರಾಬಾದಿನ ಕುಟುಂಬ ನ್ಯಾಯಾಲಯ ಪುರಾನಿ ಹವೇಲಿಯಲ್ಲಿದೆ, ಸಿಕಂದರಾಬಾದಿನಲ್ಲೂ ಇನ್ನೊಂದಿದೆ. ನಿಮ್ಮ ಬೀದಿ ಯಾವುದರ ವ್ಯಾಪ್ತಿಗೆ ಬರುತ್ತದೆ ಎಂದು ವಿಳಾಸ ತೋರಿಸಿ ಕೇಳಿ. ಪುರಾನಿ ಹವೇಲಿ ಎಂದಾದರೆ ಬೇಗಂಪೇಟೆಯಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಎಂಜಿಬಿಎಸ್‌ನಲ್ಲಿ ಇಳಿದು ಆಟೋ ಹಿಡಿಯಿರಿ.

ಹೀಗೇಕೆ ದಾರಿ ಹೇಳುತ್ತಿದ್ದೇನೆ ಎಂದರೆ, ವಕೀಲರನ್ನು ಗೊತ್ತು ಮಾಡುವ ಮೊದಲು ಒಂದು ದಿನ ರಜೆ ಹಾಕಿ ನೀವು ಅಲ್ಲಿಗೆ ಹೋಗಬೇಕು. ಕುಟುಂಬ ನ್ಯಾಯಾಲಯದ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬಹುದು, ಆದರೆ ಹೊರಗಿನ ಓಣಿಯಲ್ಲಿ ಎರಡು ಗಂಟೆ ಕೂತರೆ ಬೇಕಾದಷ್ಟು ಕಾಣುತ್ತದೆ. ಯಾವ ವಕೀಲರು ಕಕ್ಷಿದಾರರ ಪಕ್ಕದಲ್ಲಿ ಕೂತು ಫೈಲು ತಿರುವಿ ಹೇಳುತ್ತಾರೆ, ಯಾರು ಹೆಸರು ಕೂಗಿದ ಮೇಲೆ ಓಡಿ ಬಂದು “ನಿಮ್ಮದು ಯಾವ ಕೇಸಮ್ಮಾ?” ಎನ್ನುತ್ತಾರೆ ಎಂದು ನೋಡಿ. ಹೊರಗೆ ಕಾಯುತ್ತಿರುವ ಹೆಂಗಸರನ್ನು ಮಾತಾಡಿಸಿ. “ನಿಮ್ಮ ವಕೀಲರು ಗೆಲ್ಲಿಸಿದರಾ” ಎಂದು ಕೇಳಬೇಡಿ. “ಫೋನ್ ಮಾಡಿದರೆ ಎತ್ತುತ್ತಾರಾ? ಮುಂದಿನ ತಾರೀಖು ಅವರೇ ಹೇಳುತ್ತಾರಾ? ಹಣಕ್ಕೆ ರಸೀದಿ ಕೊಡುತ್ತಾರಾ?” ಎಂದು ಕೇಳಿ. ನನ್ನ ಅನುಭವದಲ್ಲಿ ವಕೀಲರ ಬೆಲೆ ತಿಳಿಯುವುದು ಈ ಮೂರು ಪ್ರಶ್ನೆಯಲ್ಲಿ.

ದುಡ್ಡಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಯಾವ ಹೆಂಗಸಿಗಾದರೂ ಉಚಿತ ವಕೀಲರು ಸಿಗುತ್ತಾರೆ, ಅವಳ ಸಂಬಳ ಎಷ್ಟು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇದು ಎಷ್ಟೋ ಓದಿದ ಹೆಣ್ಣುಮಕ್ಕಳಿಗೇ ಗೊತ್ತಿಲ್ಲ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಸಿಟಿ ಸಿವಿಲ್ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೊನೆಗೆ ಖಾಸಗಿ ವಕೀಲರನ್ನೇ ಇಟ್ಟುಕೊಂಡರೂ ಮೊದಲ ಸಲಹೆ ಅಲ್ಲಿ ಪಡೆಯಿರಿ. ಪುಕ್ಕಟೆ ಸಿಗುವ ಆ ಅರ್ಧ ಗಂಟೆಯ ಮಾತು, ಆಮೇಲೆ ಯಾರಾದರೂ ಒಂದೂವರೆ ಲಕ್ಷ ಕೇಳಿದಾಗ ನಿಮಗೆ ಧೈರ್ಯ ಕೊಡುತ್ತದೆ.

ಕನ್ನಡ ಬಲ್ಲ ವಕೀಲರೇ ಬೇಕೆಂದರೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಓಡಾಡುವ ಹಳೆಯ ಕನ್ನಡಿಗರನ್ನು ವಿಚಾರಿಸಿ ನೋಡಿ, ಯಾರಾದರೂ ಒಬ್ಬರ ಹೆಸರು ಹೇಳಿಯಾರು. ಒಂದು ಎಚ್ಚರಿಕೆ: ಇಲ್ಲಿಯ ಕನ್ನಡಿಗರ ಬಳಗದಲ್ಲಿ ಒಬ್ಬರಿಗೊಬ್ಬರು ಪರಿಚಯ ಜಾಸ್ತಿ. ನಿಮ್ಮ ಗಂಡನ ಮನೆಯವರಿಗೂ ಬೇಕಾದವರಾ ಎಂದು ಮೊದಲೇ ನೇರವಾಗಿ ಕೇಳಿಬಿಡಿ. ಭಾಷೆ ಬಂದರೂ ಕುಟುಂಬದ ಕೇಸು ನಡೆಸಿ ಗೊತ್ತಿಲ್ಲದವರು ಬೇಡ. ವಕೀಲರ ನೋಂದಣಿ ಸಂಖ್ಯೆ ಕೇಳಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಬಹುದು. ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರಿನಿಂದ ಹುಡುಕಿದರೆ ಅವರ ಕೇಸುಗಳು ಯಾವ ಕೋರ್ಟಿನಲ್ಲಿವೆ ಎಂದು ತಿಳಿಯುತ್ತದೆ. ನಿಮ್ಮ ಕೇಸು ದಾಖಲಾದ ಮೇಲೆ ಹದಿನಾರು ಅಕ್ಷರ-ಅಂಕಿಯ ಸಿಎನ್ಆರ್ ಸಂಖ್ಯೆ ಬರೆದುಕೊಳ್ಳಿ. ಅದೊಂದಿದ್ದರೆ ಮುಂದಿನ ತಾರೀಖನ್ನು ನೀವೇ ಮೊಬೈಲಿನಲ್ಲಿ ನೋಡಿಕೊಳ್ಳಬಹುದು, ಯಾರ ಬಾಯಿಯನ್ನೂ ಕಾಯಬೇಕಾಗಿಲ್ಲ. ಜಾಹೀರಾತು ನೋಡಿ ಮಾತ್ರ ಹೋಗಬೇಡಿ. ವಕೀಲರು ಜಾಹೀರಾತು ಕೊಟ್ಟು ಕೇಸು ಹಿಡಿಯುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. “ಬಂದ ಜೀವನಾಂಶದಲ್ಲಿ ಇಷ್ಟು ಪಾಲು ನನಗೆ” ಎನ್ನುವುದೂ ಆ ನಿಯಮಕ್ಕೆ ವಿರುದ್ಧ. ಶುಲ್ಕ ಎಷ್ಟು, ಯಾವ ಹಂತಕ್ಕೆ ಎಷ್ಟು, ಟೈಪಿಂಗ್-ನೋಟರಿ ಖರ್ಚು ಸೇರಿದೆಯೋ ಇಲ್ಲವೋ ಎಂದು ಬರೆಸಿಕೊಳ್ಳಿ. ಒಂದೇ ಗಂಟಿನಲ್ಲಿ ಪೂರ್ತಿ ಹಣ ಕೊಡಬೇಡಿ.

ಮೂಲ ಕಾಗದಗಳನ್ನೂ ಕೊಡಬೇಡಿ, ನಕಲು ಕೊಡಿ. ಕೋರ್ಟು ಕೇಳಿದ ದಿನ ಮೂಲ ತಂದು ತೋರಿಸಿದರಾಯಿತು. ಬೀದರ್ ಕಡೆಯ ಹೆಣ್ಣುಮಗಳೊಬ್ಬಳ ಮದುವೆ ಪ್ರಮಾಣಪತ್ರ, ಒಡವೆ ಚೀಟಿ ಎಲ್ಲ ಅವಳ ವಕೀಲರ ಬೀರುವಿನಲ್ಲಿ ಸಿಕ್ಕಿಕೊಂಡು, “ಬಾಕಿ ಕೊಟ್ಟು ಒಯ್ಯಿ” ಎಂದು ತಿಂಗಳುಗಟ್ಟಲೆ ಅಲೆಸಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಶುಲ್ಕ ಬಾಕಿ ಇದೆ ಎಂದು ಕಕ್ಷಿದಾರರ ಫೈಲನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲೇ ಹೇಳಿದೆ. ಅದು ಅವಳಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ. ಇಂದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ವಕಾಲತ್ತಿಗೆ ಸಹಿ ಹಾಕುವಾಗಲೂ ಓದಿಸಿ ಕೇಳಿ. ನಿಮ್ಮ ಪರವಾಗಿ ರಾಜಿ ಮಾಡಿಕೊಳ್ಳುವ ಅಧಿಕಾರವೂ ಅದರಲ್ಲಿ ಅಡಗಿರಬಹುದು.

ಇನ್ನೊಂದು ಸಂಗತಿ ಬಹಳ ಮುಖ್ಯ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನಡಿ ಈ ಕೋರ್ಟಿನಲ್ಲಿ ವಕೀಲರ ಮೂಲಕವೇ ಮಾತಾಡುವ ಹಕ್ಕು ಯಾರಿಗೂ ತಾನಾಗಿ ಇಲ್ಲ. ಕೋರ್ಟು ಅನುಮತಿ ಕೊಡುತ್ತದೆ, ವಕೀಲರು ಇರುತ್ತಾರೆ. ಆದರೂ ನ್ಯಾಯಾಧೀಶರು, ಆಪ್ತಸಮಾಲೋಚಕರು ನಿಮ್ಮನ್ನೇ ನೇರವಾಗಿ ಕೇಳುತ್ತಾರೆ. ಆಗ ಅರ್ಜಿಯಲ್ಲಿ ಏನಿದೆ ಎಂದು ನಿಮಗೆ ಬಾಯಲ್ಲಿರಬೇಕು. ಅದಕ್ಕೇ ನಾನು ದೊಡ್ಡ ಹೆಸರಿನ ವಕೀಲರಿಗಿಂತ ನಿಮಗೆ ಬಿಡಿಸಿ ಹೇಳುವ ವಕೀಲರು ಮೇಲು ಎನ್ನುತ್ತೇನೆ. ಕೇಸು ಗಟ್ಟಿಯಾಗಲಿ ಎಂದು ನಡೆಯದ ಹೊಡೆತ-ಬಡಿತ ಬರೆಸೋಣ ಎಂದರೆ ಒಪ್ಪಬೇಡಿ. “ಹೊಡೆದವರಲ್ಲ” ಎಂದು ನೀವೇ ಬರೆದಿದ್ದೀರಿ, ಆ ಪ್ರಾಮಾಣಿಕತೆ ಬಿಡಬೇಡಿ. ಪಾಟೀಸವಾಲಿನಲ್ಲಿ ಒಂದು ಸುಳ್ಳು ಹೊರಬಿದ್ದರೆ ನಿಮ್ಮ ಹತ್ತು ನಿಜಗಳೂ ಅದರ ಜೊತೆ ಕೊಚ್ಚಿಹೋಗುತ್ತವೆ.

ಹಣದ ಮಾತು. ಸಂಬಳ ಇದ್ದವಳಿಗೆ ಏನೂ ಸಿಗದು ಎಂಬುದು ತಪ್ಪು. ಗಂಡನ ಮನೆಯಲ್ಲಿ ಬಾಳುತ್ತಿದ್ದ ಮಟ್ಟದಲ್ಲಿ ಬಾಳಲು ಆ ಸಂಬಳ ಸಾಲದಿದ್ದರೆ ಜೀವನಾಂಶ ಕೇಳಬಹುದು. 2020ರ ನವೆಂಬರ್ 4ರ ರಜನೀಶ್-ನೇಹಾ ತೀರ್ಪಿನ ಮೇಲೆ ಗಂಡ-ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲದರ ಪ್ರಮಾಣಪತ್ರ ಸಲ್ಲಿಸಬೇಕು. ಈ ತೀರ್ಪಿನ ಹೆಸರು ಹೇಳಿದರೆ ಕುಟುಂಬದ ಕೇಸು ನಡೆಸುವ ವಕೀಲರು ತಕ್ಷಣ ಗುರುತಿಸಬೇಕು. ಗುರುತಿಸದಿದ್ದರೆ ಎದ್ದು ಬನ್ನಿ. “ಗಂಡನ ಸಂಬಳದ ಕಾಲು ಭಾಗ” ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಒಂದು ತೀರ್ಪಿನಲ್ಲಿ ಬಂದ ಅಂದಾಜು, ಎಲ್ಲರಿಗೂ ಅನ್ವಯಿಸುವ ಕಟ್ಟಳೆಯಲ್ಲ. ಅವರ ನಿಜ ಆದಾಯ ತಿಳಿಯುವ ಮೊದಲು ಎಂಟು ಲಕ್ಷ ಹೆಚ್ಚೋ ಕಮ್ಮಿಯೋ ಎಂದು ನಾನು ಹೇಳಲಾರೆ, ನೀವೂ ಒಪ್ಪಲಾಗದು. ನೀವು ಅಕೌಂಟ್ಸಿನವರು: ಬಾಡಿಗೆ, ಶಾಲೆ ಫೀಸು, ಔಷಧಿ, ಊಟ, ವರ್ಷದ ಬಟ್ಟೆ ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ, ಮಗಳಿಗೆ ಹದಿನೆಂಟಾಗಲು ಇನ್ನು ಹತ್ತು ವರ್ಷ ಎಂದು ಗುಣಿಸಿ ನೋಡಿ. “ಆಮೇಲೆ ಏನೂ ಕೇಳಬಾರದು” ಎಂಬ ಷರತ್ತಿಗೆ ನೀವು ನಿಮ್ಮ ಮಟ್ಟಿಗೆ ಒಪ್ಪಬಹುದೇನೋ, ಮಗಳ ಪಾಲನ್ನು ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ. ಅದು ಅವಳ ಹಕ್ಕು. ಒಪ್ಪಂದವಾದರೆ ಒಂದು ಪಾಲು ಅರ್ಜಿ ಹಾಕುವ ದಿನ, ಉಳಿದದ್ದು ಎರಡನೇ ಹಾಜರಿಯ ದಿನ ಕೋರ್ಟಿನ ಮುಂದೆಯೇ ಡಿಡಿಯಲ್ಲಿ ಎಂದು ಬರೆಸಿ. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು, ಅದು ನೆನಪಿರಲಿ.

ಅವರು ಹಿಂತೆಗೆದುಕೊಂಡರೆ? ಆಗ ಕಾರಣ ತೋರಿಸಿ ಕೇಸು ನಡೆಸಬೇಕು. ಬಿಟ್ಟುಹೋಗಿದ್ದಾರೆ ಎಂಬ ಕಾರಣಕ್ಕೆ ಎರಡು ವರ್ಷ ತುಂಬಬೇಕು, ನಿಮಗಿನ್ನೂ ಹತ್ತು ತಿಂಗಳಿದೆ. ಮಾನಸಿಕ ಕ್ರೌರ್ಯ ಎಂದು ಹಾಕುವುದಾದರೆ ಸಾಕ್ಷಿ ಬೇಕು. ಅಂಥ ಕೇಸು ವರ್ಷಗಟ್ಟಲೆ ಎಳೆಯುತ್ತದೆ, ಸುಳ್ಳು ಭರವಸೆ ಕೊಡಲಾರೆ. ಮದುವೆ ಸರಿಪಡಿಸಲಾರದಷ್ಟು ಮುರಿದಿದೆ ಎಂಬುದೊಂದೇ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ, 2023ರ ಮೇ 1ರ ಸಂವಿಧಾನ ಪೀಠದ ತೀರ್ಪು ಅದನ್ನು ಸ್ಪಷ್ಟಪಡಿಸಿತು. ಅವರ ಮೆಸೇಜುಗಳನ್ನು ಅಳಿಸಬೇಡಿ. ಗಂಡ-ಹೆಂಡತಿಯ ನಡುವಿನ ಫೋನ್ ರೆಕಾರ್ಡಿಂಗನ್ನೂ ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಿ ತರಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಒಡವೆ ವಿಷಯಕ್ಕೆ ನನಗೆ ಸಿಟ್ಟೂ ಇದೆ, ಕಾಳಜಿಯೂ ಇದೆ. ನೀವಿರುವ ಬೇಗಂಪೇಟೆಯೇ ನಿಜಾಮರ ಮನೆಯ ಹೆಣ್ಣುಮಗಳಿಗೆ ಮದುವೆಯಲ್ಲಿ ಬಳುವಳಿಯಾಗಿ ಬಂದ ನೆಲ ಎಂದು ಹೇಳುತ್ತಾರೆ. ನಿಮಗೆ ಬಂದ ಬಳುವಳಿಯೂ ನಿಮ್ಮದೇ. ತವರಿನವರು ಕೊಟ್ಟದ್ದು, ಅತ್ತೆಮನೆಯವರು ನಿಮಗೆಂದು ಹಾಕಿದ್ದು ಎಲ್ಲ ಸ್ತ್ರೀಧನ. ತೆಲಂಗಾಣದಿಂದ ಹೋದ ಪ್ರಕರಣವೊಂದರಲ್ಲಿ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಮಗಳು ಅಧಿಕಾರ ಕೊಡದೆ ಅವಳ ತಂದೆಯೂ ಅದನ್ನು ವಾಪಸ್ ಕೇಳುವಂತಿಲ್ಲ ಎಂದಿತು, ಅಷ್ಟರಮಟ್ಟಿಗೆ ಅದು ಹೆಣ್ಣಿನದು. ಮದುವೆಯ ಫೋಟೋ ತೆಗೆದು ಯಾವ ಒಡವೆ ಎಷ್ಟು ತೊಲ ಎಂದು ಪಟ್ಟಿ ಬರೆಯಿರಿ. ಅಂಗಡಿಯ ಚೀಟಿ ತವರಿನಲ್ಲಿದ್ದರೆ ತರಿಸಿ. ಒಪ್ಪಂದದ ಕಾಗದದಲ್ಲಿ ಒಡವೆಯ ಪಟ್ಟಿ ಬೇರೆಯಾಗಿ ಇರಬೇಕು, ಎಂಟು ಲಕ್ಷದೊಳಗೆ ಅದನ್ನು ಕರಗಿಸಬಾರದು.

ಮನೆ ಖಾಲಿ ಮಾಡಿಸುತ್ತೇನೆ ಎಂಬ ಬೆದರಿಕೆಗೆ ಹೆದರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೌರ್ಜನ್ಯವೆಂದರೆ ಹೊಡೆತವಷ್ಟೇ ಅಲ್ಲ, ಹಣ ನಿಲ್ಲಿಸುವುದು, ಸ್ತ್ರೀಧನ ಕೊಡದಿರುವುದು, ಇರುವ ಮನೆಯಿಂದ ಹೊರಹಾಕುವುದೂ ಸೇರುತ್ತವೆ. ಬಾಡಿಗೆ ಮನೆಯಾದರೂ, ಕರಾರು ಅವರ ಹೆಸರಲ್ಲಿದ್ದರೂ ಒಟ್ಟಿಗೆ ಬಾಳಿದ ಮನೆಯಲ್ಲಿರುವ ಹಕ್ಕು ನಿಮಗಿದೆ. ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಎಂದು ಅವರಿಗೆ ಹೇಳುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆದರೂ ಮನೆಯೊಡೆಯರ ಜೊತೆ ಈ ವಾರವೇ ಮಾತಾಡಿ, ಸಾಧ್ಯವಾದರೆ ಕರಾರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಕೋರ್ಟಿಗಿಂತ ಅದು ಬೇಗ. ತುರ್ತಾದರೆ 181 ನೆನಪಿಡಿ.

ಇಷ್ಟು ಹೇಳಿದ್ದು ಹಿಂದೂ ವಿವಾಹ ಕಾಯ್ದೆಯ ಲೆಕ್ಕದಲ್ಲಿ. ಇದನ್ನು ಓದುತ್ತಿರುವ ಬೇರೆ ಅಕ್ಕತಂಗಿಯರಿಗೆ ಒಂದು ಮಾತು: ರಿಜಿಸ್ಟ್ರಾರರ ಮುಂದೆ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಮುಸ್ಲಿಂ ಹೆಣ್ಣುಮಗಳು ಖುಲಾ ಕೇಳಿದರೆ ಗಂಡನ ಒಪ್ಪಿಗೆ ಅಗತ್ಯವಿಲ್ಲ ಎಂದು ತೆಲಂಗಾಣ ಹೈಕೋರ್ಟೇ 2025ರ ಜೂನಿನಲ್ಲಿ ಹೇಳಿದೆ.

ಕೊನೆಗೆ ಮಗಳು. ಅವಳು ಯಾರ ಜೊತೆ ಇರಬೇಕು ಎಂಬುದನ್ನು ಕೋರ್ಟು ಅವಳ ಹಿತ ನೋಡಿ ತೀರ್ಮಾನಿಸುತ್ತದೆ. ಹುಟ್ಟಿದಾಗಿನಿಂದ ನಿಮ್ಮ ಬಳಿಯೇ ಇದ್ದಾಳೆ, ಶಾಲೆ ಇಲ್ಲಿದೆ, ಫೀಸು ನೀವು ಕಟ್ಟುತ್ತಿದ್ದೀರಿ. ಆ ರಸೀದಿಗಳನ್ನು ಜೋಪಾನ ಮಾಡಿ. ಅಪ್ಪನ ಮೇಲೆ ದೂರು ಅವಳ ಕಿವಿಗೆ ಹಾಕಬೇಡಿ, ವಾರಕ್ಕೊಮ್ಮೆ ಅವರ ಜೊತೆ ಫೋನಿನಲ್ಲಿ ಮಾತಾಡಲು ಬಿಡಿ. ಕೋರ್ಟಿನ ಮಾತು ಅವಳಿಗೆ ಈಗ ಬೇಡ. ಅವಳು ಕೇಳುತ್ತಿರುವುದು ಒಂದೇ ಪ್ರಶ್ನೆ. ಇಂದು ರಾತ್ರಿ ಮಲಗಿಸುವಾಗ ಹೇಳಿ: “ಇಲ್ಲ ಪುಟ್ಟಾ, ಈ ವರ್ಷ ನಿನ್ನ ಶಾಲೆ ಇದೇ, ನಿನ್ನ ಗೆಳತಿಯರೂ ಇವರೇ. ಭಾನುವಾರ ಅಪ್ಪನ ಜೊತೆ ಮಾತಾಡು. ನಾನು ಇಲ್ಲೇ ಇರುತ್ತೇನೆ.”